ಮಳೂರಿನ ತೊಟ್ಟಿಲು, ಟೋಕಿಯೋದ ನಾಯಿಮರಿ

ಎಕ್ಸ್‌ಪ್ರೆಸ್‌ವೇ ಬಂದಮೇಲೆ ಮೈಸೂರು ಹತ್ತಿರ ಆಯ್ತು, ನಿಜ. ಆದರೆ ಬಿಡದಿ, ರಾಮನಗರ, ಚನ್ನಪಟ್ಟಣ ಮೂರೂ ಊರು ಕಾರಿನ ಕಿಟಕಿಯಿಂದ ಮಾಯವಾದವು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ 118 ಕಿ.ಮೀ. ರಸ್ತೆಯಲ್ಲಿ ಟೋಲ್ ಕಟ್ಟಿ ಹೊರಟರೆ ಊರುಗಳೆಲ್ಲ ಬೈಪಾಸ್‌ನ ಆಚೆಗೇ ಉಳಿದುಬಿಡುತ್ತವೆ. ತಟ್ಟೆ ಇಡ್ಲಿ ಇಲ್ಲ, ‘ಶೋಲೆ’ ಬಂಡೆಗಳ ಕೆಳಗೆ ನಿಂತು ಫೋಟೊ ಇಲ್ಲ, ಮಕ್ಕಳು ‘ಅಪ್ಪಾ ಗೊಂಬೆ’ ಅಂತ ಕಿರುಚೋ ಅಂಗಡಿ ಸಾಲೂ ಇಲ್ಲ.

ನಾನು ಹೇಳಹೊರಟಿರುವ ಜಾಗ ಆ ಹಳೇ ರಸ್ತೆಯ ಮೇಲೇ ಇದೆ. ಬೆಂಗಳೂರಿನಿಂದ ಸುಮಾರು 60 ಕಿ.ಮೀ. ರಾಮನಗರ ದಾಟಿ, ಕೆಂಗಲ್ ಆಂಜನೇಯನಿಗೆ ಕಾರಿನಿಂದಲೇ ಕೈಮುಗಿದು, ಚನ್ನಪಟ್ಟಣದ ಟ್ರಾಫಿಕ್ಕಿನಲ್ಲಿ ಹತ್ತು ನಿಮಿಷ ಕಳೆದು ಮದ್ದೂರಿನ ಕಡೆ ಮೂರ್ನಾಲ್ಕು ಕಿ.ಮೀ. ಹೋದರೆ ರಸ್ತೆಗೆ ಹೊಂದಿಕೊಂಡ ಹಾಗೇ ಒಂದು ಗೋಪುರ ಕಾಣುತ್ತೆ. ಅದು ದೊಡ್ಡಮಳೂರು. ಬೋರ್ಡಿನಲ್ಲಿ ಅಪ್ರಮೇಯಸ್ವಾಮಿ ದೇವಸ್ಥಾನ ಅಂತಿದ್ದರೂ ಜನ ಹುಡುಕಿಕೊಂಡು ಬರೋದು ಒಳಗಿರುವ ಇನ್ನೊಬ್ಬನನ್ನ: ಅಂಬೆಗಾಲಿಡುವ ನವನೀತ ಕೃಷ್ಣ. ಮಕ್ಕಳಿಲ್ಲದವರು ಇಲ್ಲಿ ಹರಕೆ ಹೊತ್ತರೆ ಮಗುವಾಗುತ್ತೆ ಅನ್ನೋದು ಈ ಕಡೆಯ ದೊಡ್ಡ ನಂಬಿಕೆ.

ನಮ್ಮ ಮದುವೆಯಾಗಿ ನಾಲ್ಕು ವರ್ಷ ದಾಟಿದೆ. ಇಷ್ಟು ಹೇಳಿದರೆ ಉಳಿದದ್ದು ನಿಮಗೇ ಗೊತ್ತಾಗುತ್ತೆ. ಮೊದಲ ವರ್ಷ ‘ಏನಪ್ಪಾ ವಿಶೇಷ?’ ಅನ್ನೋ ಪ್ರಶ್ನೆ ತಮಾಷೆಯಾಗಿತ್ತು. ಎರಡನೇ ವರ್ಷ ಅದೇ ಪ್ರಶ್ನೆ ನನ್ನನ್ನು ಬಿಟ್ಟು ನನ್ನ ಹೆಂಡತಿಯ ಕಡೆ ಮಾತ್ರ ತಿರುಗಿತು. ಮೂರನೇ ವರ್ಷ ಒಂದು ‘ವಿಶೇಷ’ ಬಂತು, ಹನ್ನೊಂದು ವಾರ ನಮ್ಮ ಜೊತೆ ಇತ್ತು, ಹೋಯಿತು. ಆಮೇಲೆ ಯಾರೂ ಕೇಳಲಿಲ್ಲ. ಕೇಳೋದಕ್ಕಿಂತ ಅದು ಕಷ್ಟ. ಗೃಹಪ್ರವೇಶಕ್ಕೆ ಹೋದರೆ ನಾವು ಬಂದ ಕೂಡಲೇ ಮಾತು ಬದಲಾಗುತ್ತಿತ್ತು.

ಅಮ್ಮ ಇರೋದು ಮಾಗಡಿಯಲ್ಲಿ. ಅವರು ಬಲವಂತ ಮಾಡೋರಲ್ಲ. ಆದರೆ ಪ್ರತಿ ಸಲ ಊರಿಗೆ ಹೋದಾಗ, ಹೊರಡೋ ಹೊತ್ತಿಗೆ ಬಾಗಿಲಲ್ಲಿ ನಿಂತು, “ಒಂದ್ಸಲ ಮಳೂರಿಗೆ ಹೋಗ್ಬನ್ನಿ, ನಂಗೋಸ್ಕರ” ಅಂತಿದ್ದರು. ಈ ಸಲ ನನ್ನ ಹೆಂಡತಿಯೇ, “ಸರಿ ಅತ್ತೆ, ನಾಳೆನೇ ಹೋಗ್ತೀವಿ” ಅಂದಳು. ಕಾರು ಹತ್ತಿದ ಮೇಲೆ ನನಗೆ ಒಂದು ಷರತ್ತು ಹಾಕಿದಳು: “ಬೇಡ್ಕೊಳ್ಳೋಕೆ ಬರ್ತಿಲ್ಲ. ಆ ಹಾಡಿನ ಕೃಷ್ಣನ್ನ ನೋಡೋಕೆ ಬರ್ತಿದ್ದೀನಿ. ಅಲ್ಲಿ ಹೋಗಿ ತೊಟ್ಟಿಲು ಗಿಟ್ಟಿಲು ಅನ್ಬೇಡ.”

ಆ ಹಾಡು ‘ಜಗದೋದ್ಧಾರನ’. ಪುರಂದರದಾಸರದ್ದು. ಶಾಲೆಯಲ್ಲಿದ್ದಾಗ ಸಂಗೀತ ಕಲಿತ ಯಾವ ಕನ್ನಡದ ಹುಡುಗಿಯೂ ಕಾಪಿ ರಾಗದ ಈ ಹಾಡನ್ನು ತಪ್ಪಿಸಿಕೊಂಡಿರಲ್ಲ. ನನ್ನವಳು ಹೈಸ್ಕೂಲಿನ ಸ್ಪರ್ಧೆಯಲ್ಲಿ ಇದನ್ನೇ ಹಾಡಿ ಸ್ಟೀಲ್ ಡಬ್ಬಿ ಗೆದ್ದಿದ್ದಳಂತೆ. ದಾಸರು ಈ ಹಾಡನ್ನು ಕಟ್ಟಿದ್ದು ಮಳೂರಿನ ಕೃಷ್ಣನ ಮುಂದೆಯೇ ಅನ್ನೋದು ಸ್ಥಳದ ಐತಿಹ್ಯ.

ಬೆಳಿಗ್ಗೆ ಎಂಟಕ್ಕೆಲ್ಲ ತಲುಪಿದೆವು. ಗೋಪುರದ ಮುಂದೆ ತುಳಸಿ, ಹೂವು, ಬೆಣ್ಣೆ ಮಾರೋರ ಸಾಲು. ಒಳಗೆ ಕಾಲಿಟ್ಟರೆ ರಸ್ತೆಯ ಹಾರ್ನು ಸದ್ದು ಅಲ್ಲೇ ನಿಂತುಬಿಡುತ್ತೆ. ಕಲ್ಲಿನ ಪ್ರಾಕಾರ ಅಗಲವಾಗಿದೆ, ಬೆಳಗಿನ ಹೊತ್ತು ಕಾಲಿಗೆ ತಣ್ಣಗಿರುತ್ತೆ.

ಚೋಳರು ತಲಕಾಡಿನ ಗಂಗರನ್ನು ಸೋಲಿಸಿ ಈ ಸೀಮೆ ಹಿಡಿದದ್ದು 1004ರ ಹೊತ್ತಿಗೆ. ಹೊಯ್ಸಳ ವಿಷ್ಣುವರ್ಧನ ತಲಕಾಡನ್ನು ಅವರಿಂದ ಕಿತ್ತುಕೊಳ್ಳೋ ತನಕ, ಅಂದರೆ ನೂರಕ್ಕೂ ಹೆಚ್ಚು ವರ್ಷ, ಕಣ್ವ ನದಿಯ ಈ ದಂಡೆ ಅವರ ಕೈಯಲ್ಲಿತ್ತು. ಮೂಲ ಗುಡಿ ಆ ಕಾಲದ್ದು. ಗೋಪುರ, ಮಂಟಪಗಳೆಲ್ಲ ಆಮೇಲೆ ಸೇರಿಕೊಂಡವು. ಮಳೂರು ಅಂದರೆ ಮಳಲ ಊರು, ಮರಳಿನ ಊರು ಅಂತ ಇಲ್ಲಿನವರ ವಿವರಣೆ. ಇಡೀ ಗುಡಿ ಪಾಯ ಇಲ್ಲದೆ ಮರಳಿನ ಮೇಲೇ ನಿಂತಿದೆ ಅಂತಲೂ ಹೆಮ್ಮೆಯಿಂದ ಹೇಳ್ತಾರೆ. ನನ್ನ ಕ್ಲಾಸ್‌ಮೇಟ್ ಸಿವಿಲ್ ಎಂಜಿನಿಯರ್‌ಗಳು ಕೇಳಿದರೆ ಹುಬ್ಬೇರಿಸ್ತಾರೆ. ಏನೇ ಇರಲಿ, ಸಾವಿರ ವರ್ಷ ನಿಂತಿದೆ, ನಮ್ಮ ಅಪಾರ್ಟ್‌ಮೆಂಟಿನ ಗೋಡೆ ಐದು ವರ್ಷಕ್ಕೇ ಬಿರುಕು ಬಿಟ್ಟಿದೆ.

ಗರ್ಭಗುಡಿಯಲ್ಲಿ ಅಪ್ರಮೇಯ ಶಂಖಚಕ್ರ ಹಿಡಿದು ನಿಂತಿದ್ದಾನೆ. ಅಮ್ಮನವರ ಹೆಸರು ಅರವಿಂದವಲ್ಲಿ. ಅಪ್ರಮೇಯ ಅಂದರೆ ಅಳತೆಗೆ ಸಿಗದವನು. ನನ್ನ ಕೆಲಸವೇ ಅಳೆಯೋದು. ಯಾವ ಸರ್ವರ್ ಎಷ್ಟು ನಿಧಾನ, ಯಾವ ಪುಟ ಎಷ್ಟು ಮಿಲಿಸೆಕೆಂಡ್ ಅಂತ ದಿನವಿಡೀ ಡ್ಯಾಶ್‌ಬೋರ್ಡ್ ನೋಡ್ತಾ ಕೂರ್ತೀನಿ. ಈ ಎರಡು ವರ್ಷದಲ್ಲಿ ಮನೆಯೂ ಡ್ಯಾಶ್‌ಬೋರ್ಡ್ ಆಗಿತ್ತು. ಫಾಲಿಕಲ್ ಎಷ್ಟು ಮಿಲಿಮೀಟರ್, ಎಎಂಎಚ್ ಎಷ್ಟು, ನನ್ನ ರಿಪೋರ್ಟಿನಲ್ಲಿ ಕೌಂಟ್ ಎಷ್ಟು, ಎಲ್ಲದಕ್ಕೂ ಒಂದು ಎಕ್ಸೆಲ್ ಶೀಟ್. ಅರ್ಚಕರು ದೇವರ ಹೆಸರಿನ ಅರ್ಥ ಬಿಡಿಸಿ ಹೇಳ್ತಾ ಇದ್ದಾಗ ನಾನು ಪಕ್ಕಕ್ಕೆ ನೋಡಿದೆ. ಅವಳೂ ನನ್ನನ್ನೇ ನೋಡ್ತಿದ್ದಳು. ಇಬ್ಬರಿಗೂ ನಗು ತಡೆಯೋದು ಕಷ್ಟವಾಯ್ತು.

ಪ್ರದಕ್ಷಿಣೆ ಹಾಕುತ್ತಾ ಹಿಂದಕ್ಕೆ ಹೋದರೆ ಕೃಷ್ಣನ ಗುಡಿ. ಸಾಲು ಶುರುವಾಗೋದೇ ಅಲ್ಲಿಂದ.

ಕೃಷ್ಣ ನಾನು ಅಂದುಕೊಂಡಿದ್ದಕ್ಕಿಂತ ಚಿಕ್ಕವನು. ಕಪ್ಪು ಕಲ್ಲು, ಗುಂಗುರು ಕೂದಲು, ಕೈಯಲ್ಲಿ ಬೆಣ್ಣೆ ಮುದ್ದೆ. ಒಂದು ಕೈಯೂರಿ, ಮಂಡಿಯೂರಿ ಮುಂದಕ್ಕೆ ಬರ್ತಾ ಇರೋ ಭಂಗಿ. ಮುಖ ಮಾತ್ರ ಸ್ವಲ್ಪ ಒಂದು ಪಕ್ಕಕ್ಕೆ ತಿರುಗಿದೆ. ಯಾಕೆ ಅನ್ನೋದಕ್ಕೊಂದು ಕಥೆ ಇದೆ. ಪುರಂದರದಾಸರು ಬರೋ ಹೊತ್ತಿಗೆ ಗುಡಿಯ ಬಾಗಿಲು ಹಾಕಿತ್ತಂತೆ. ಅವರು ಹೊರಗೆ ಕೂತು ಹಾಡಿದರು. ಕೃಷ್ಣ ಯಾರು ಹಾಡ್ತಿರೋದು ಅಂತ ಕತ್ತು ತಿರುಗಿಸಿ ಇಣುಕಿ ನೋಡಿದ, ಹಾಗೇ ಉಳಿದ. ಉಡುಪಿಯಲ್ಲಿ ಕನಕನಿಗಾಗಿ ತಿರುಗಿದ ಕೃಷ್ಣನ ಕಥೆ ಎಲ್ಲರಿಗೂ ಗೊತ್ತು. ಇದು ಅದರ ಪುಟಾಣಿ ರೂಪ ಅನ್ನಿಸಿತು ನನಗೆ. ಅಲ್ಲಿ ದೇವರು ಇಡೀ ಮೈ ತಿರುಗಿಸಿದ, ಇಲ್ಲಿ ಮಗು ಬರೀ ಕತ್ತು ಹೊರಳಿಸಿದೆ. ಮಕ್ಕಳು ಮಾಡೋದೇ ಹಾಗಲ್ಲವೇ?

ಇನ್ನು ತೊಟ್ಟಿಲುಗಳು. ಪುಟ್ಟ ಮರದ ತೊಟ್ಟಿಲು, ಬೆಳ್ಳಿಯದ್ದು, ಅಂಗೈಯಗಲದ್ದು. ಹರಕೆ ಹೊತ್ತವರು, ಹರಕೆ ತೀರಿಸಿದವರು ತಂದು ಒಪ್ಪಿಸಿದವು. ಒಂದೊಂದು ತೊಟ್ಟಿಲ ಹಿಂದೆಯೂ ಒಂದು ಫೈಲು ಇರುತ್ತೆ, ಸ್ಕ್ಯಾನ್, ರಿಪೋರ್ಟು, ಇಂಜೆಕ್ಷನ್ ಬಿಲ್ಲು ತುಂಬಿದ ಪ್ಲಾಸ್ಟಿಕ್ ಫೈಲು. ನಮ್ಮದು ನೀಲಿ ಬಣ್ಣದ್ದು, ಬೀರುವಿನಲ್ಲಿ ಸೀರೆಗಳ ಕೆಳಗಿದೆ. ಬೆಂಗಳೂರಿನ ಕ್ಲಿನಿಕ್ಕುಗಳ ವೇಟಿಂಗ್ ಹಾಲ್‌ನಲ್ಲಿ ಯಾರೂ ಯಾರ ಮುಖವನ್ನೂ ನೋಡಲ್ಲ, ಎಲ್ಲರ ಕಣ್ಣೂ ಫೋನಿನಲ್ಲಿ. ಪಕ್ಕದ ಸೀಟಿನಲ್ಲಿ ಆಫೀಸಿನವರು ಸಿಕ್ಕರೆ ಇಬ್ಬರೂ ಗುರುತು ಸಿಗದ ಹಾಗೆ ನಟಿಸ್ತೀವಿ. ಇಲ್ಲಿ ಮಾತ್ರ ಸಾಲಿನಲ್ಲಿ ನಿಂತ ಪ್ರತಿಯೊಬ್ಬರಿಗೂ ಮುಂದಿನವರು ಯಾಕೆ ಬಂದಿದ್ದಾರೆ ಅಂತ ಗೊತ್ತು. ಮುಚ್ಚಿಡೋಕೆ ಏನೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯ ಪ್ರಕಾರ ಜಗತ್ತಿನಲ್ಲಿ ಹೆಚ್ಚುಕಡಿಮೆ ಆರು ಜನರಲ್ಲಿ ಒಬ್ಬರಿಗೆ ಬದುಕಿನ ಯಾವುದೋ ಹಂತದಲ್ಲಿ ಈ ತೊಂದರೆ ಇರುತ್ತೆ. ಆ ಅಂಕಿ ನಾನು ಎಷ್ಟೋ ಸಲ ಓದಿದ್ದೆ. ಆ ಒಬ್ಬೊಬ್ಬರನ್ನೂ ಒಂದೇ ಕಡೆ, ಕೈಯಲ್ಲಿ ಬೆಣ್ಣೆ ದೊನ್ನೆ ಹಿಡಿದು ನಿಂತಿದ್ದನ್ನು ನೋಡಿದ್ದು ಮಳೂರಿನಲ್ಲೇ.

ಒಂದು ಮಾತು ಮಾತ್ರ ಹೇಳಲೇಬೇಕು. ಸಾಲಿನಲ್ಲಿ ಹೆಂಗಸರೆಲ್ಲ ಮುಂದೆ, ಗಂಡಂದಿರೆಲ್ಲ ಬಾಡಿಗೆ ಕಾರಿನ ಡ್ರೈವರುಗಳ ಹಾಗೆ ಹಿಂದೆ. ಹರಕೆ ಅವಳದ್ದು, ಉಪವಾಸ ಅವಳದ್ದು, ನಮ್ಮದು ಪಾರ್ಕಿಂಗ್ ಕೆಲಸ. ಹೀಗೇ ಅಂದುಕೊಳ್ತಾ ಇದ್ದಾಗ ನಮ್ಮ ಮುಂದಿದ್ದ ಅಜ್ಜಿ ತಿರುಗಿದರು. ಸೊಂಟದಲ್ಲಿ ಒಂದು ವರ್ಷದ ಮೊಮ್ಮಗಳು.

“ಎಷ್ಟ್ ವರ್ಸ ಆಯ್ತವ್ವಾ ಮದ್ವೆಯಾಗಿ?”

“ನಾಲ್ಕಾಯ್ತಜ್ಜಿ.”

ಮುಂದಿನ ಪ್ರಶ್ನೆ ಅವಳಿಗೇ ಅಂತ ನಾನು ಕಾಯ್ತಾ ಇದ್ದೆ. ಅಜ್ಜಿ ನನ್ನ ಕಡೆ ನೋಡಿ, ಸಾಲಿಗೆಲ್ಲ ಕೇಳೋ ಹಾಗೆ, “ನೀನೂ ತೋರುಸ್ಕಂಡಿದ್ದೀಯೇನ್ ಮಗಾ? ಇಲ್ಲಾ ಬರೀ ಅವಳ್ನೇ ಆಸ್ಪತ್ರೆಗೆ ತಿರುಗುಸ್ತಿದ್ದೀಯಾ?” ಅಂದುಬಿಟ್ಟರು.

ನಾಲ್ಕು ವರ್ಷದಲ್ಲಿ, ಡಾಕ್ಟರನ್ನು ಬಿಟ್ಟರೆ, ನಮ್ಮ ಎರಡೂ ಮನೆ ಕಡೆಯ ಒಬ್ಬರೂ ಕೇಳದಿದ್ದ ಪ್ರಶ್ನೆ ಅದು. ತೊಂದರೆ ಇರುವ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಸೇರಿರುತ್ತೆ ಅಂತ ಡಾಕ್ಟರು ಮೊದಲ ದಿನವೇ ಹೇಳಿದ್ದರು. “ತೋರಿಸ್ಕೊಂಡಿದ್ದೀನಿ ಅಜ್ಜಿ, ಮಾತ್ರೆನೂ ನಡೀತಿದೆ” ಅಂದೆ. “ಹೂಂ, ಅಂಗಿರ್ಬೇಕು. ನಮ್ ಅಳೀಮಯ್ಯಂಗೆ ಈ ಮಾತ್ ಯೋಳಿ ಯೋಳಿ ನನ್ ನಾಲ್ಗೆ ಬಿದ್ದೋಯ್ತು” ಅಂತ ಮೊಮ್ಮಗಳನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿದರು. ಇವಳು ಹುಟ್ಟಿದ್ದು ಹರಕೆಯಿಂದಲೋ ಆಸ್ಪತ್ರೆಯಿಂದಲೋ ಅಂತ ನನ್ನ ಹೆಂಡತಿ ಕೇಳಿಯೇಬಿಟ್ಟಳು. “ಯಾರ್ ಕೊಟ್ರೋ ಕಾಣೆ ಕಣವ್ವಾ. ಇಬ್ರಿಗೂ ಒಂದೊಂದ್ ಕೈ ಮುಗುದ್ರಾಯ್ತು” ಅಂತ ಅಜ್ಜಿ ಮುಂದೆ ಸರಿದರು.

ಆ ತೊಟ್ಟಿಲುಗಳ ಸಾಲು ನೋಡ್ತಾ ನಿಂತಾಗ ನನಗೆ ಟೋಕಿಯೋ ನೆನಪಾಯಿತು. 2023ರಲ್ಲಿ ಕಂಪನಿ ಕೆಲಸಕ್ಕೆ ಆರು ತಿಂಗಳು ಅಲ್ಲಿದ್ದೆ. ನಮ್ಮ ಟೀಮಿನ ಜಪಾನಿ ಹುಡುಗನೊಬ್ಬ ಒಂದು ದಿನ ರಜೆ ಹಾಕಿದ. ಹೆಂಡತಿಗೆ ಐದು ತಿಂಗಳಂತೆ, ಇವತ್ತು ‘ನಾಯಿಯ ದಿನ’ವಂತೆ, ದೇವಸ್ಥಾನಕ್ಕೆ ಹೋಗಬೇಕಂತೆ. ಕುತೂಹಲಕ್ಕೆ ಆ ಭಾನುವಾರ ನಾನೂ ಆ ಜಾಗ ಹುಡುಕಿಕೊಂಡು ಹೋದೆ. ಅದೇ ಸುಯಿತೆಂಗು, ಶಿಂತೋ ದೇವಾಲಯ. ಕುರುಮೆಯ ಅರಿಮಾ ಮನೆತನದ ಪಾಳೇಗಾರರು ತಮ್ಮೂರಿನ ದೇವರನ್ನು 1818ರಲ್ಲಿ ಆಗಿನ ಎಡೋ ನಗರದ, ಅಂದರೆ ಇವತ್ತಿನ ಟೋಕಿಯೋದ, ತಮ್ಮ ಬಂಗಲೆಗೆ ತಂದು ಪ್ರತಿಷ್ಠಾಪಿಸಿದ್ದು. ಈಗಿನ ಜಾಗಕ್ಕೆ ಬಂದದ್ದು 1872ರಲ್ಲಿ, ಈಗಿರುವ ಕಟ್ಟಡ 2016ರದ್ದು. ಸುತ್ತ ಆಫೀಸು ಬಿಲ್ಡಿಂಗುಗಳು, ಪಕ್ಕದಲ್ಲೇ ಮೆಟ್ರೋ. ಮೆಟ್ಟಿಲು ಹತ್ತಿದರೆ ಥೇಟ್ ಮಳೂರಿನ ಹಾಗೇ ಸದ್ದು ಕೆಳಗೇ ಉಳಿಯುತ್ತೆ.

ಕೈ ಬಾಯಿ ತೊಳೆದು, ಎರಡು ಸಲ ಬಗ್ಗಿ, ಎರಡು ಚಪ್ಪಾಳೆ ತಟ್ಟಿ, ಮತ್ತೊಂದು ಸಲ ಬಗ್ಗಬೇಕು. ನಾನು ಪಕ್ಕದವರನ್ನು ನೋಡಿ ನೋಡಿ ಮಾಡಿದೆ. ನಾಯಿಗೆ ಹೆರಿಗೆ ಸುಲಭ ಅನ್ನೋ ನಂಬಿಕೆಯಿಂದ, ಹನ್ನೆರಡು ದಿನಕ್ಕೊಮ್ಮೆ ಬರುವ ನಾಯಿಯ ದಿನ ಅಲ್ಲಿ ಬಸುರಿಯರ ಜಾತ್ರೆ. ಹಿಂದೆ ಇಲ್ಲಿನ ಗಂಟೆಯ ಹಗ್ಗದ ಬಟ್ಟೆಯನ್ನು ಹೊಟ್ಟೆಗೆ ಕಟ್ಟಿಕೊಂಡವರಿಗೆ ಸಲೀಸಾಗಿ ಹೆರಿಗೆಯಾಯಿತೆಂದು, ಇಂದಿಗೂ ಪ್ರಸಾದದ ಹಾಗೆ ಹೊಟ್ಟೆಪಟ್ಟಿ ಒಯ್ಯುತ್ತಾರೆ. ಅಂಗಳದಲ್ಲಿ ಕಂಚಿನ ತಾಯಿನಾಯಿ, ಪಕ್ಕದಲ್ಲಿ ಅದರ ಮರಿ, ಸುತ್ತ ಹನ್ನೆರಡು ಗುಂಡುಗಳ ಮೇಲೆ ಹನ್ನೆರಡು ಪ್ರಾಣಿವರ್ಷಗಳ ಗುರುತು. ನಿಮ್ಮ ವರ್ಷದ ಗುಂಡನ್ನು ಸವರಿ ಬೇಡಿಕೊಳ್ಳಬೇಕು. ನಾನು 1993ನೇ ಇಸವಿಯವನು, ಹುಂಜದ ವರ್ಷ. ಸವರಿದೆ. ಆಗ ನಮಗೆ ಮಗುವಿನ ಯೋಚನೆಯೇ ಇರಲಿಲ್ಲ, ಸುಮ್ಮನೆ ಒಂದು ಫೋಟೊಗೆ.

ನನಗೆ ಆಗ ವಿಚಿತ್ರ ಅನ್ನಿಸಿದ್ದು ಬೇರೆ. ಅಲ್ಲಿ ಪೂಜೆಗೊಳ್ಳುವವರಲ್ಲಿ ಒಬ್ಬ, ಅಂತೊಕು ಅನ್ನುವ ಬಾಲ ಚಕ್ರವರ್ತಿ. 1185ರ ಸಮುದ್ರ ಯುದ್ಧದಲ್ಲಿ ಸೋಲು ಖಚಿತವಾದಾಗ ಅವನ ಅಜ್ಜಿ ಅವನನ್ನು ಎತ್ತಿಕೊಂಡು ನೀರಿಗೆ ಹಾರಿದಳು. ಅವನಿಗೆ ಆಗ ಇನ್ನೂ ಏಳು ತುಂಬಿರಲಿಲ್ಲ. ಆ ಅಜ್ಜಿಯೂ, ಬದುಕುಳಿದ ಅವನ ತಾಯಿಯೂ ಅಲ್ಲಿ ದೇವರೇ. ಸುಖ ಹೆರಿಗೆಗೆ ಬೇಡಿಕೊಳ್ಳೋದು ನೀರುಪಾಲಾದ ಮಗುವಿನ ಹತ್ತಿರವಾ, ಮಗು ಕಳೆದುಕೊಂಡ ತಾಯಿಯ ಹತ್ತಿರವಾ ಅಂತ ಅವತ್ತು ಅರ್ಥವೇ ಆಗಿರಲಿಲ್ಲ. ಮಳೂರಿನ ಪ್ರಾಕಾರದಲ್ಲಿ ಕೂತು ಇದನ್ನೆಲ್ಲ ನನ್ನ ಹೆಂಡತಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ತಾಯಿ ಹತ್ರ ಹೇಳ್ಕೋಬಹುದು ಬಿಡು, ಅವಳಿಗೆ ಗೊತ್ತಿರುತ್ತೆ” ಅಂದಳು.

ನಮ್ಮ ಹನ್ನೊಂದು ವಾರದ ಬಗ್ಗೆ ಅವಳು ಮಾತಾಡಿದ್ದು ಅವತ್ತೇ ಮೊದಲು. ಎರಡು ಕಂಬಗಳ ನಡುವೆ, ದೊನ್ನೆಯಲ್ಲಿ ಬೆಣ್ಣೆ ಪ್ರಸಾದ ಹಿಡಿದುಕೊಂಡು, ಹೋಗಿ ಬರುವವರ ಕಾಲುಗಳನ್ನು ನೋಡ್ತಾ ತುಂಬಾ ಹೊತ್ತು ಮಾತಾಡಿದಳು. ಏನು ಹೇಳಿದಳು ಅನ್ನೋದು ನಮ್ಮಿಬ್ಬರದು. ನಡುವೆ ಒಂದು ಮಗು ಅಂಬೆಗಾಲಿಡುತ್ತಾ ಬಂದು ಅವಳ ಸೆರಗು ಹಿಡಿಯಿತು. ಅದರ ತಾಯಿ ಓಡಿಬಂದು, “ಸಾರಿ ಅಕ್ಕ” ಅಂತ ಎತ್ತಿಕೊಂಡು ಹೋದಳು. ಆಮೇಲೆ ಆ ಹಾಡಿನ ಮಾತು ಬಂತು. “ಯಶೋದೆ ಅದ್ರಲ್ಲಿ ಏನನ್ನೂ ಬೇಡೋದೇ ಇಲ್ಲ ನೋಡು. ಮಗು ಜೊತೆ ಆಡ್ತಿರ್ತಾಳೆ ಅಷ್ಟೆ” ಅಂದಳು. ಹಾಡು ಅಂತ ನಾನು ಹೇಳಲಿಲ್ಲ, ಅವಳೂ ಹಾಡಲಿಲ್ಲ. ತೊಟ್ಟಿಲನ್ನೂ ಕಟ್ಟಲಿಲ್ಲ.

ಅಮ್ಮನ ಫೋನು ಬಂದಾಗ ಅವಳೇ ಎತ್ತಿದಳು. “ಇಲ್ಲ ಅತ್ತೆ, ತೊಟ್ಟಿಲು ಕಟ್ಟಿಲ್ಲ. ಬೆಣ್ಣೆ ತಿಂದ್ವಿ.” ಆ ಕಡೆ ಒಂದೆರಡು ಕ್ಷಣ ಮೌನ. ಆಮೇಲೆ ಅಮ್ಮ, “ಎಲ್ಲಾ ತಿನ್ಬೇಡ್ರೇ, ನಂಗೂ ಒಂಚೂರು ತನ್ನಿ” ಅಂದರು. ಮಾಗಡಿ ತಲುಪೋ ಹೊತ್ತಿಗೆ ಅದು ಕರಗಿ ತುಪ್ಪದ ಹಾಗಾಗಿತ್ತು ಅನ್ನೋದು ಬೇರೆ ಮಾತು.

ಹೋಗೋರಿಗೆ ಎರಡು ಮಾತು. ಮಧ್ಯಾಹ್ನ ಬಾಗಿಲು ಹಾಕ್ತಾರೆ, ಬೆಳಿಗ್ಗೆಯೇ ಹೊರಡಿ. ಕಾರು ಬೇಕೇಬೇಕು ಅಂತಿಲ್ಲ, ಬೆಂಗಳೂರು–ಮೈಸೂರು ರೈಲು ಮಾರ್ಗದಲ್ಲೇ ಚನ್ನಪಟ್ಟಣ ಸ್ಟೇಷನ್ ಇದೆ, ಅಲ್ಲಿಂದ ಆಟೊ. ಶನಿವಾರ ಭಾನುವಾರ ಸಾಲು ಉದ್ದ. ಸಾಲಿನಲ್ಲಿ ಫೋನು ಜೇಬಿನಲ್ಲಿಡಿ, ಅಜ್ಜಿಯರು ಸಿಗ್ತಾರೆ.

ವಾಪಸ್ ಬರ್ತಾ ಚನ್ನಪಟ್ಟಣದಲ್ಲಿ ನಿಲ್ಲದೆ ಬರೋದು ಸಾಧ್ಯವೇ ಇರಲಿಲ್ಲ. ಇಲ್ಲೊಂದು ಕಾಕತಾಳೀಯ ಹೇಳಬೇಕು. ಸುಯಿತೆಂಗು ಇರುವ ಬಡಾವಣೆಗೆ ನಿಂಗ್ಯೋಚೊ ಅಂತ ಹೆಸರು. ಅರ್ಥ ಗೊಂಬೆಗಳ ಪೇಟೆ. ಹಿಂದೆ ಅಲ್ಲಿ ಗೊಂಬೆಯಾಟದವರು, ಗೊಂಬೆ ಮಾಡೋರು ಇದ್ದರಂತೆ. ಚನ್ನಪಟ್ಟಣಕ್ಕೂ ನಾವು ಗೊಂಬೆಗಳ ಊರು ಅಂತಲೇ ಕರೆಯೋದು. ಟಿಪ್ಪು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದ ಅನ್ನುವ ಕಥೆ ಎಲ್ಲರಿಗೂ ಗೊತ್ತು. ಆದರೆ ಇಲ್ಲಿನ ಹಳಬರು ಗುರು ಅಂತ ನೆನೆಯೋದು ಬಾವಾಸ್ ಮಿಯಾನ್ ಅವರನ್ನ. ಗೊಂಬೆ ತಯಾರಿಕೆಗೆ ಜಪಾನಿನ ವಿಧಾನಗಳನ್ನು ತಂದವರು ಅವರೇ ಅನ್ನೋದು ಇಲ್ಲಿ ಎಲ್ಲರ ಬಾಯಲ್ಲಿರುವ ಮಾತು. ಜಪಾನಿನಲ್ಲಿ ಕೈಕಾಲಿಲ್ಲದ, ದುಂಡು ತಲೆಯ ‘ಕೊಕೆಶಿ’ ಮರದ ಗೊಂಬೆ ಅಂಗಡಿಯಲ್ಲಿ ನೋಡಿದಾಗ, ‘ಅರೆ, ಇದು ನಮ್ಮ ಚನ್ನಪಟ್ಟಣದ್ದು’ ಅಂತ ನಾನು ಅಂದುಕೊಂಡಿದ್ದರಲ್ಲಿ ಆಶ್ಚರ್ಯವಿಲ್ಲ. ಎರಡೂ ತಿರುಗೋ ಯಂತ್ರದ ಮೇಲೇ ಹುಟ್ಟೋದು.

ಕಾರ್ಖಾನೆ ಅಂದರೆ ಮನೆಯ ಮುಂದಿನ ಒಂದು ಕೋಣೆ, ಎರಡು ಲೇತು. ಆಲೆ ಮರದ ತುಂಡು ಗಿರಗಿರ ತಿರುಗುತ್ತಿರುತ್ತೆ. ಉಳಿ ಮುಟ್ಟಿಸಿದರೆ ಬಿಳೀ ಸುರುಳಿ ಹಾರುತ್ತೆ, ನಿಮಿಷದಲ್ಲಿ ಆಕಾರ. ಆಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ತಿರುಗೋ ಮರಕ್ಕೆ ಒತ್ತಿ ಹಿಡೀತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟುತ್ತೆ, ಬ್ರಷ್ಷು ಬೇಡ, ಒಣಗಿಸೋದು ಬೇಡ. ಕೊನೆಗೆ ತಾಳೆಗರಿ ಒತ್ತಿದರೆ ಕನ್ನಡಿ ಹೊಳಪು. ಅರಿಶಿನದಂಥ ಗಿಡಮೂಲದ ಬಣ್ಣ ಬಳಸಿದ್ದಾದರೆ ಮಗು ಬಾಯಿಗಿಟ್ಟರೂ ಚಿಂತೆಯಿಲ್ಲ. ಈ ಕಸುಬಿಗೆ ಜಿಐ ಟ್ಯಾಗ್ ಸಿಕ್ಕಿ ಇಪ್ಪತ್ತು ವರ್ಷವಾಯ್ತು. ಆದರೂ ಪಕ್ಕದ ಅಂಗಡಿಯಲ್ಲೇ ಪ್ಲಾಸ್ಟಿಕ್ ಗೊಂಬೆ ನೇತಾಡ್ತಿರುತ್ತೆ. ಕೊಳ್ಳೋರು ನಾವೇ, ಯಾರನ್ನು ಬೈಯೋದು.

ನನ್ನ ಹೆಂಡತಿ ಒಂದೊಂದನ್ನೇ ಎತ್ತಿ ನೋಡ್ತಿದ್ದಳು. ಗಿಲಕಿ ಹತ್ತಿರ ಅವಳ ಕೈ ಹೋದಾಗ ನಾನು ಬೇರೆ ಕಡೆ ನೋಡಿದೆ. ಅವಳು ಅದನ್ನು ಎತ್ತಿ, ಒಂದು ಸಲ ಆಡಿಸಿ, ಅಲ್ಲೇ ಇಟ್ಟಳು. ಹಸಿರು-ಹಳದಿ ಪಟ್ಟೆಯ ಒಂದು ಬುಗುರಿ ಆರಿಸಿದಳು.

ಲೇತಿನ ಮುಂದಿದ್ದವರು ಯಂತ್ರ ನಿಲ್ಲಿಸಿ, “ಮಗು ಎಷ್ಟು ತಿಂಗಳದ್ದು ಮೇಡಂ? ಚಿಕ್ಕದಾದ್ರೆ ಇದು ಬೇಡ, ತುದಿ ಚೂಪು” ಅಂದರು.

“ಮಗು ಇನ್ನೂ ಇಲ್ಲಣ್ಣ. ಇದು ನನ್ನ ಆಫೀಸ್ ಟೇಬಲ್‌ಗೆ” ಅಂದಳು. ದನಿಯಲ್ಲಿ ಏನೂ ನಡುಕವಿರಲಿಲ್ಲ.

“ಹಂಗಾದ್ರೆ ಸರಿ” ಅಂತ ಅವರು ಮರದ ಪುಡಿ ಒರೆಸಿ, ಹೆಬ್ಬೆರಳು ತೋರುಬೆರಳಲ್ಲಿ ಹೇಗೆ ಚಿಟುಕು ಹಾಕಿದರೆ ಹೆಚ್ಚು ಹೊತ್ತು ನಿಲ್ಲುತ್ತೆ ಅಂತ ಎರಡು ಸಲ ತೋರಿಸಿದರು. ಮೂರನೇ ಸಲ ಅವಳೇ ತಿರುಗಿಸಿದಳು. ಹಲಗೆಯ ಮೇಲೆ ಪಟ್ಟೆಗಳೆರಡೂ ಕಲೆತು ಒಂದೇ ಬಣ್ಣವಾಗಿ, ತುಂಬಾ ಹೊತ್ತು ನಿಂತಿತು.